ಸ್ಕೂಲ್ ಬಸ್ಸು ನಿಂತಾಗ ಹಿಂದಿನ ಗಾಡಿ ನಿಲ್ಲಬೇಕು ಅಂತ ಕಾನೂನು ಇದೆಯಾ, ಇಲ್ವಾ?

ಹೈವೇ ಪಕ್ಕದ ಮನೆ (ಸೋಮವಾರ, ರಾತ್ರಿ 9:10)

ಕೈ ಇನ್ನೂ ನಡುಗುತ್ತಿದೆ. ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಂಡು ಓದಿ.

ನಮ್ಮದು ಕಾರವಾರ–ಅಂಕೋಲಾ ನಡುವೆ ಹೈವೇ ಪಕ್ಕದ ಊರು. ಹೆಸರು ಬೇಡ, ಹೇಳಿದರೆ ಯಾವ ಶಾಲೆ ಅಂತ ಗೊತ್ತಾಗುತ್ತದೆ. ಮನೆ ಸಮುದ್ರದ ಬದಿಗೆ. ಸಂಜೆ ಬಸ್ಸು ಕಾರವಾರದಿಂದ ಬಂದು ಗುಡ್ಡದ ಬದಿಗೆ ನಿಲ್ಲುತ್ತದೆ. ಅಂದರೆ ಎರಡನೇ ಕ್ಲಾಸಿನ ನನ್ನ ಮಗಳು ನಾಲ್ಕು ಲೇನ್ ದಾಟಿ ಮನೆಗೆ ಬರಬೇಕು. ದಿನಾ ನಾನು ಆಚೆ ಹೋಗಿ ನಿಂತಿರುತ್ತೇನೆ. ಇವತ್ತು ಗ್ಯಾಸ್ ಸಿಲಿಂಡರ್ ಬಂತು, ಎರಡು ನಿಮಿಷ ತಡವಾಯಿತು. ನಾನು ಡಿವೈಡರ್ ಹತ್ತಿರ ಇದ್ದೆ, ಬಸ್ಸು ಆಗಲೇ ನಿಂತಿತ್ತು. ನನ್ನನ್ನು ನೋಡಿದವಳೇ ಬಸ್ಸಿನ ಮುಂದಿನಿಂದ ಓಡಿ ಬಂದಳು. ಹಿಂದಿದ್ದ ಬಿಳಿ ಕಾರು ಹಾರ್ನ್ ಹೊಡೆಯುತ್ತ ಬಲಕ್ಕೆ ತಿರುಗಿಸಿ ಹೋಗಿಯೇ ಬಿಟ್ಟಿತು. ಕ್ಲೀನರ್ ಹುಡುಗ ಬ್ಯಾಗಿನ ಪಟ್ಟಿ ಹಿಡಿದು ಎಳೆದ. ಪಟ್ಟಿ ಕಿತ್ತು ಅವನ ಕೈಯಲ್ಲಿ ಉಳಿಯಿತು. ಮಗಳಿಗೆ ಏನೂ ಆಗಿಲ್ಲ.

ಇಷ್ಟು ಹೇಳಿ: ಸ್ಕೂಲ್ ಬಸ್ಸು ನಿಂತಾಗ ಉಳಿದ ಗಾಡಿಗಳು ನಿಲ್ಲಲೇಬೇಕು ಅಂತ ನಿಯಮ ಇದೆ ಅಲ್ವಾ? ಇದ್ದರೆ ಯಾರಿಗೆ ದೂರು ಕೊಡಬೇಕು?

ಕಾಳಿ ದಂಡೆ

ದೇವರು ದೊಡ್ಡವನು ಅಕ್ಕಾ. ಗೋವಾ ಗಾಡಿ ಇರಬೇಕು. ವೀಕೆಂಡ್ ಮುಗಿಸಿ ಗೋಕರ್ಣ, ಮುರ್ಡೇಶ್ವರ ಅಂತ ಹಾರುವವರು.

ಹೈವೇ ಪಕ್ಕದ ಮನೆ

ಅಲ್ಲ. ಕೆಎ 30. ನಮ್ಮ ಕಾರವಾರ ಪಾಸಿಂಗೇ. ಉಳಿದ ನಂಬರ್ ನೋಡುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಕಾಳಿ ದಂಡೆ

ಹಾಗಾದರೆ ನಾಚಿಕೆಗೇಡು.

ಕೊನೇ ಸ್ಟಾಪ್

ಓದಿ ಮೈ ಜುಮ್ ಅಂತು. ಮಕ್ಕಳ ಜೀವಕ್ಕಿಂತ ದೊಡ್ಡ ಅರ್ಜೆಂಟು ಯಾರಿಗೂ ಇಲ್ಲ. ಎರಡು ನಿಮಿಷ ಕಾಯಲು ಏನು ರೋಗ ಇವರಿಗೆ?

ಕುಮಟೆ ಕರಿಕೋಟು

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕೇಳಿದ ನಿಯಮ ನಮ್ಮಲ್ಲಿ ಇಲ್ಲ. ಶಾಲಾ ಬಸ್ಸು ನಿಂತರೆ ಎಲ್ಲರೂ ನಿಲ್ಲಬೇಕು ಅನ್ನುವುದು ಅಮೆರಿಕದ ಕಾನೂನು. ವಾಟ್ಸಾಪ್ ವಿಡಿಯೋ ನೋಡಿ ಇಲ್ಲಿಯೂ ಇದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ.

ನಮ್ಮಲ್ಲಿ ಇರುವ ನಿಯಮ ಹೆಚ್ಚಾಗಿ ಬಸ್ಸಿನ ಮೇಲೆ, ಹಿಂದಿನ ಗಾಡಿಯ ಮೇಲೆ ಅಲ್ಲ. 1997ರಲ್ಲಿ ದೆಹಲಿಯಲ್ಲಿ ಶಾಲಾ ಬಸ್ಸು ಯಮುನೆಗೆ ಬಿದ್ದು 28 ಮಕ್ಕಳು ತೀರಿಕೊಂಡರು. ಹಳದಿ ಬಣ್ಣ, ಕಿಟಕಿಗೆ ಅಡ್ಡ ಸರಳು, ಡ್ರೈವರಿಗೆ 5 ವರ್ಷದ ಅನುಭವ, ಬಸ್ಸಿನಲ್ಲಿ ಮಕ್ಕಳ ಜೊತೆ ಒಬ್ಬರು, ಈ ಮಾತೆಲ್ಲ ಸುಪ್ರೀಂ ಕೋರ್ಟಿನ ಆ ಕಾಲದ ಆದೇಶಗಳಿಂದ ಬಂದದ್ದು.

ಹಾಗಂತ ಆ ಕಾರಿನವನು ಪಾರಾದ ಅಂತಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಇದೆ, ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ನಂಬರ್ ಬೇಕು. 112ಕ್ಕೆ ಕರೆ ಮಾಡಿದರೂ ಮೊದಲು ಕೇಳುವುದು ಅದನ್ನೇ.

ಹೈವೇ ಪಕ್ಕದ ಮನೆ

ಅಂದರೆ ನಾಳೆಯೂ ಹಿಂದಿನ ಕಾರು ನಿಲ್ಲಬೇಕಾಗಿಲ್ಲ. ಒಳ್ಳೇದಾಯಿತು ಕೇಳಿದ್ದು.

ರಾತ್ರಿ ಟ್ಯಾಕ್ಸಿ

ಬೈದರೆ ಬೈಯಿರಿ, ನಾನು ಡ್ರೈವರ್ ಕಡೆ ಮಾತಾಡುತ್ತೇನೆ. ಹೈವೇಯಲ್ಲಿ 80ರಲ್ಲಿ ಬರುವವನ ಎದುರು ಬಸ್ಸು ಲೇನಿನಲ್ಲೇ ನಿಂತರೆ ಅವನೇನು ಮಾಡಬೇಕು? ಬ್ರೇಕ್ ಹೊಡೆದರೆ ಹಿಂದಿನ ಟ್ಯಾಂಕರ್ ಡಿಕ್ಕಿಗೆ ಬರುತ್ತದೆ. ಬಸ್ಸು ಪೂರ್ತಿ ಎಡಕ್ಕೆ, ಮಣ್ಣಿಗೆ ಇಳಿಸಿ ನಿಲ್ಲಿಸಬೇಕು. ನಮ್ಮ ಬಸ್ಸುಗಳು ನಿಲ್ಲುವುದು ಅರ್ಧ ರಸ್ತೆಯಲ್ಲಿ.

ಹಳದಿ ಬಸ್ಸು

ನಾನು ಹೊನ್ನಾವರ ಕಡೆ ಸ್ಕೂಲ್ ಬಸ್ಸು ಓಡಿಸುವವನು. ಟ್ಯಾಕ್ಸಿ ಅಣ್ಣಾ, ಎಡಕ್ಕೆ ಮಣ್ಣು ಎಲ್ಲಿದೆ ತೋರಿಸಿ. ಒಂದು ಕಡೆ ಗಟಾರ, ಇನ್ನೊಂದು ಕಡೆ ಕಬ್ಬಿಣದ ತಡೆ. ಮಳೆಗಾಲದಲ್ಲಿ ಚಕ್ರ ಇಳಿಸಿದರೆ ಟ್ರ್ಯಾಕ್ಟರ್ ತಂದು ಎಳೆಯಬೇಕು.

ನಾನು ಏನು ಮಾಡುತ್ತೇನೆ ಹೇಳುತ್ತೇನೆ, ತಪ್ಪಾದರೆ ತಿದ್ದಿ. ಮಕ್ಕಳು ಇಳಿಯುವ ಮೊದಲು ಬಲಗಡೆ ಕನ್ನಡಿ ನೋಡುತ್ತೇನೆ. ಹಿಂದೆ ಗಾಡಿ ಬರುತ್ತಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಒಮ್ಮೊಮ್ಮೆ ಬಸ್ಸನ್ನು ಬೇಕಂತಲೇ ಸ್ವಲ್ಪ ಓರೆ ನಿಲ್ಲಿಸುತ್ತೇನೆ, ಯಾರೂ ಬಲದಿಂದ ನುಗ್ಗದ ಹಾಗೆ. ಅದಕ್ಕೆ ಸಿಕ್ಕಿದ ಬೈಗುಳ ಇಲ್ಲಿ ಬರೆದರೆ ನನ್ನನ್ನೇ ಹೊರಗೆ ಹಾಕುತ್ತಾರೆ.

ದೊಡ್ಡ ಭಯ ಬಸ್ಸಿನ ಮುಂದಿನ ಜಾಗದ್ದು. ಸಣ್ಣ ಮಗು ಬಂಪರಿಗೆ ಹತ್ತಿರ ನಡೆದರೆ ಸೀಟಿನಿಂದ ನನಗೆ ಕಾಣುವುದಿಲ್ಲ. ಪಕ್ಕದಲ್ಲಿ ಬರುವ ಕಾರಿನವನಿಗೂ ಕಾಣುವುದಿಲ್ಲ, ನಡುವೆ ಬಸ್ಸೇ ಗೋಡೆ. ಹಾಗಾಗಿ ನನ್ನ ಬಸ್ಸಿನ ಮಕ್ಕಳಿಗೆ ಒಂದೇ ಪಾಠ: ಇಳಿದು ಅಲ್ಲೇ ನಿಲ್ಲಿ, ಬಸ್ಸು ಹೋದ ಮೇಲೆ ರಸ್ತೆ ನೋಡಿ. ಬಸ್ಸು ಇರುವಾಗ ದಾಟಲೇಬೇಡಿ.

ಮತ್ತೊಂದು. ನನ್ನನ್ನು ಹೆಚ್ಚಾಗಿ ಓವರ್‌ಟೇಕ್ ಮಾಡುವವರು ಯಾರು ಗೊತ್ತಾ? ಬಸ್ಸು ತಪ್ಪಿದ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಮುಂದಿನ ಸ್ಟಾಪಿಗೆ ಓಡಿಸುವ ಅಪ್ಪಂದಿರು.

ಕಡಲ ತಡಿ

ಕೊನೆಯ ಮಾತು ನೂರಕ್ಕೆ ನೂರು. 😄

ಶಿರಸಿ ಟು ನ್ಯೂಜೆರ್ಸಿ

ಅಮೆರಿಕದ ಮಾತು ಬಂತಲ್ಲ, ಸ್ವಲ್ಪ ತಿದ್ದುತ್ತೇನೆ. ಇಲ್ಲಿ 50 ರಾಜ್ಯಗಳಲ್ಲೂ ನಿಲ್ಲಬೇಕು, ಅದು ಸರಿ. ಕೆಂಪು ದೀಪ ಮಿಣುಕುತ್ತದೆ, ಬಸ್ಸಿನ ಪಕ್ಕದಿಂದ 'ನಿಲ್ಲಿ' ಅನ್ನುವ ಫಲಕ ಕೈ ಚಾಚಿದ ಹಾಗೆ ಹೊರಗೆ ಬರುತ್ತದೆ. ಆದರೆ ನಡುವೆ ಡಿವೈಡರ್ ಇದ್ದರೆ ಎದುರು ಬದಿಯ ಗಾಡಿ ನಿಲ್ಲಬೇಕು ಅಂತ ಹೆಚ್ಚಿನ ರಾಜ್ಯಗಳಲ್ಲಿ ಇಲ್ಲ. ಹಾಗಾಗಿ ಅಕ್ಕನ ಮಗಳು ಇಲ್ಲಿದ್ದರೂ ಮೊದಲ ಎರಡು ಲೇನಿಗೆ ಮಾತ್ರ ರಕ್ಷಣೆ. ಇಷ್ಟೆಲ್ಲ ಇದ್ದೂ ಫಲಕ ಲೆಕ್ಕಿಸದೆ ನುಗ್ಗುವವರು ಇಲ್ಲೂ ಇದ್ದಾರೆ, ಅದಕ್ಕೇ ಬಸ್ಸಿಗೆ ಕ್ಯಾಮೆರಾ ಕೂರಿಸುತ್ತಾರೆ.

ಆ ಹಳದಿ ಬಣ್ಣಕ್ಕೂ ಕತೆ ಇದೆ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಸೈರ್ ಅನ್ನುವವರು ಸಭೆ ಕರೆದು, ಬೆಳಗಿನ ಮಬ್ಬಿನಲ್ಲೂ ಕಣ್ಣಿಗೆ ಹೊಡೆಯುತ್ತದೆ ಅಂತ ಆ ಬಣ್ಣ ಆರಿಸಿದರು.

ಅಂಕೋಲೆ ಮಾಸ್ತರು

ಬಣ್ಣ ತಂದೆವು, ನಿಲ್ಲುವ ಬುದ್ಧಿ ತರಲಿಲ್ಲ.

ನಾನು ಹೈವೇ ಪಕ್ಕದ ಶಾಲೆಯಲ್ಲಿ ತುಂಬಾ ವರ್ಷ ಕಲಿಸಿದವನು. ಆಗ ಇದಕ್ಕೆ 17ನೇ ನಂಬರ್, ಈಗ 66. ಎರಡೇ ಲೇನ್ ಇತ್ತು. ಶಾಲೆ ಬಿಟ್ಟಾಗ ನಮ್ಮ ಅಕ್ಕೋರು, ಅಂದರೆ ಟೀಚರು, ಕೊಡೆ ಅಡ್ಡ ಹಿಡಿದು ರಸ್ತೆಯ ನಡುವೆ ನಿಲ್ಲುತ್ತಿದ್ದರು. ಅದಿರು ಲಾರಿಯೂ ನಿಲ್ಲುತ್ತಿತ್ತು. ಕಾನೂನಿಗೆ ಹೆದರಿ ಅಲ್ಲ, ಎದುರಿನಿಂದ ಇನ್ನೊಂದು ಲಾರಿ ಬರುತ್ತಿತ್ತು, ನುಗ್ಗಲು ಜಾಗವೇ ಇರಲಿಲ್ಲ. ಚತುಷ್ಪಥ ಆದ ಮೇಲೆ ಊರು ಎರಡು ಹೋಳಾಯಿತು. ಶಾಲೆ ಒಂದು ಬದಿ, ಅಂಗನವಾಡಿ ಒಂದು ಬದಿ, ದೇವಸ್ಥಾನ ಇನ್ನೊಂದು ಬದಿ. ಡ್ರೈವರ್‌ಗಳಿಗೆ ಬೈದು ಏನು ಬಂತು? ಅಗಲ ರಸ್ತೆ ಕೊಟ್ಟು ಮೆಲ್ಲ ಹೋಗು ಅಂದರೆ ಯಾರು ಕೇಳುತ್ತಾರೆ?

ರಾತ್ರಿ ಟ್ಯಾಕ್ಸಿ

ನಾನು ಹೇಳಿದ್ದೂ ಇದನ್ನೇ ಮಾಸ್ತರೇ. ನಾನು ಹೇಳಿದರೆ ಬೈಗುಳ, ನೀವು ಹೇಳಿದರೆ ಲೈಕು.

ಅಂಕೋಲೆ ಮಾಸ್ತರು

ನೀವು ಹೇಳಿದ್ದು ಕಾರಿನವನ ತಪ್ಪಿಲ್ಲ ಅಂತ. ನಾನು ಹಾಗೆ ಹೇಳಲಿಲ್ಲ. ಹಳದಿ ಬಸ್ಸು ಕಂಡ ಕೂಡಲೇ ಕಾಲು ಆಕ್ಸಿಲರೇಟರಿನಿಂದ ತೆಗೆಯಬೇಕು, ಬ್ರೇಕಿನ ಮಾತು ಆಮೇಲೆ.

ಪೈಲಟ್ ಅಂದ್ರೆ ವಿಮಾನದವನಲ್ಲ

ಈ ಜನ ನಮಗೇ ಜಾಗ ಬಿಡುವುದಿಲ್ಲ, ಇನ್ನು ಮಕ್ಕಳಿಗೆ ಬಿಡುತ್ತಾರಾ? ನಾನು ಆಂಬ್ಯುಲೆನ್ಸ್ ಓಡಿಸುತ್ತೇನೆ. 108ರಲ್ಲಿ ಡ್ರೈವರಿಗೆ ಪೈಲಟ್ ಅನ್ನುತ್ತಾರೆ, ಹೆಸರು ಕೇಳಿ ನೆಂಟರೆಲ್ಲ ನಗುತ್ತಾರೆ.

ನಮ್ಮ ಜಿಲ್ಲೆಯ ಕತೆ ನಿಮಗೆ ಗೊತ್ತು. ತಲೆಗೆ ಪೆಟ್ಟು, ಹಾರ್ಟು, ಏನೇ ದೊಡ್ಡದಾದರೂ ದಕ್ಷಿಣಕ್ಕೆ ಮಣಿಪಾಲ, ಮೇಲೆ ಹುಬ್ಬಳ್ಳಿ, ಉತ್ತರಕ್ಕೆ ಗೋವಾ. ಎಲ್ಲಿಗೆ ಹೋದರೂ ಗಂಟೆಗಟ್ಟಲೆ ದಾರಿ. ಅದರಲ್ಲಿ ಹತ್ತು ನಿಮಿಷ ಯಾರೋ ಒಬ್ಬ ತಿಂದರೆ ಒಳಗಿನ ಆಕ್ಸಿಜನ್ ಮೀಟರ್ ನೋಡುವವರಿಗೆ ಗೊತ್ತು ಅದರ ಬೆಲೆ. 2024ರ ಆಗಸ್ಟ್‌ನಲ್ಲಿ ಕಾಳಿ ಹಳೇ ಸೇತುವೆ ಬಿತ್ತಲ್ಲ, ಆಮೇಲೆ ಎರಡೂ ಕಡೆಯ ಗಾಡಿ ಹೊಸ ಸೇತುವೆಯಲ್ಲೇ. ಅಲ್ಲಿ ಸೈರನ್ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಸೇತುವೆ ಮೇಲೆ ಪಾಪ ಅವರಾದರೂ ಎಲ್ಲಿಗೆ ಸರಿಯಬೇಕು?

ಜಾಗ ಬಿಡದವರಿಗಿಂತ ನಮಗೆ ಹೆಚ್ಚು ಹೆದರಿಕೆ ಗಾಬರಿ ಬೀಳುವವರದ್ದು. ಸೈರನ್ ಕೇಳಿದ ಕೂಡಲೇ ಇದ್ದಲ್ಲೇ ಬ್ರೇಕ್. ಅದೂ ದೇವಿಮನೆ ಘಟ್ಟದ ತಿರುವಿನಲ್ಲಿ. ಹಿಂದೆ ನಾನು, ಎದುರಿನಿಂದ ಲಾರಿ, ನಡುವೆ ಇವರು ಕಂಬದ ಹಾಗೆ. ದಯವಿಟ್ಟು ತಿರುವಿನಲ್ಲಿ ನಿಲ್ಲಿಸಬೇಡಿ. ಎಡಗಡೆ ಇಂಡಿಕೇಟರ್ ಹಾಕಿ. ನೀವು ನನ್ನನ್ನು ನೋಡಿದ್ದೀರಿ ಅಂತ ಅಷ್ಟರಿಂದಲೇ ನನಗೆ ಗೊತ್ತಾಗುತ್ತದೆ. ಮುಂದೆ ಜಾಗ ಸಿಕ್ಕಲ್ಲಿ ಎಡಕ್ಕೆ ಸರಿಯಿರಿ, ಅರ್ಧ ಕಿಲೋಮೀಟರ್ ನಿಮ್ಮ ಹಿಂದೆ ಬರಲು ನನಗೆ ತೊಂದರೆ ಇಲ್ಲ. ಬಲಕ್ಕೆ ಮಾತ್ರ ಹೋಗಬೇಡಿ. ನಾನು ಬರುವುದೇ ಬಲಕ್ಕೆ.

ಇನ್ನು ನನ್ನ ಬಾಲ ಹಿಡಿಯುವವರು. ನಾನು ದಾರಿ ಮಾಡಿಕೊಂಡು ಹೋದ ಕೂಡಲೇ ನಾಲ್ಕು ಕಾರು ಹಿಂದೆ. ನಾನು ಬ್ರೇಕ್ ಹೊಡೆದರೆ ನೇರ ರೋಗಿಯ ತಲೆಯ ಹತ್ತಿರ ಬರುತ್ತಾರೆ.

ಶಿರಸಿ ಪೇಟೆ

ಎಡಗಡೆ ಇಂಡಿಕೇಟರ್ ವಿಷಯ ಗೊತ್ತೇ ಇರಲಿಲ್ಲ. ನಾನು ಗಾಬರಿಯಿಂದ ನಿಲ್ಲಿಸುವ ಪೈಕಿ. ಕ್ಷಮೆ ಇರಲಿ.

ಶಿರಸಿಯಲ್ಲಿ ಕತೆ ಬೇರೆ. ಇಲ್ಲಿ ಓಡುವ ಗಾಡಿಗಿಂತ ನಿಂತ ಗಾಡಿಯ ಕಾಟ. ಮಂಗಳವಾರ ಸಂತೆ ದಿನ ಬಂದು ನೋಡಿ, ಅಂಗಡಿ ಎದುರು ಎರಡು ಸಾಲು ಬೈಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂದಾಗ ಆಂಬ್ಯುಲೆನ್ಸಿಗೆ ಅಂತಲೇ ದಾರಿ ಖಾಲಿ ಇಡುತ್ತಾರೆ. ಉಳಿದ ದಿನ ಯಾರೂ ಕೇಳುವವರಿಲ್ಲ.

ಮೀನು ಗಾಡಿ

ಎಲ್ಲರೂ ನಮ್ಮನ್ನು ಬೈಯುವ ಮೊದಲು ನಾನೇ ಬರುತ್ತೇನೆ. ಬೈತಖೋಲದಿಂದ ಲೋಡ್ ಎತ್ತಿದರೆ ಐಸ್ ಕರಗುವುದರೊಳಗೆ ಮುಟ್ಟಬೇಕು, ನಿಜ. ಆದರೆ ಆಂಬ್ಯುಲೆನ್ಸಿಗೆ ಬೇಕಂತ ಅಡ್ಡ ಹಾಕುವವ ಲಕ್ಷಕ್ಕೊಬ್ಬ. ಕೇಳಿಸುವುದಿಲ್ಲ ಮಾರಾಯ್ರೆ! ಲೋಡ್ ಗಾಡಿ, ಹಳೇ ಇಂಜಿನ್, ಕ್ಯಾಬಿನ್ ಒಳಗೆ ಹಾಡು. ಅವರು ಹಿಂದಿನಿಂದ ಲೈಟ್ ಮಿಣುಕಿಸಿದರೆ ಮಾತ್ರ ಕನ್ನಡಿಯಲ್ಲಿ ಗೊತ್ತಾಗುವುದು.

ಹಳದಿ ಬಸ್ಸು

ಹಾಡು ಕಡಿಮೆ ಇಡಿ ಅಣ್ಣಾ.

ಮೀನು ಗಾಡಿ

ರಾತ್ರಿ ಹಾಡಿಲ್ಲದೆ ಓಡಿಸಿದರೆ ನಿದ್ದೆ ಬರುತ್ತದೆ. ಆಗ ಯಾರಿಗೆ ಆಂಬ್ಯುಲೆನ್ಸ್ ಕರೆಯುತ್ತೀರಿ?

ಕಡಲ ತಡಿ

ಕೆಲವು ಖಾಸಗಿ ಆಂಬ್ಯುಲೆನ್ಸ್‌ನವರು ಖಾಲಿ ಗಾಡಿಗೂ ಸೈರನ್ ಹಾಕುತ್ತಾರಲ್ಲ, ಅದನ್ನು ಯಾರೂ ಹೇಳುವುದಿಲ್ಲ. ಒಮ್ಮೆ ನಾನು ಗೌರವದಿಂದ ಗದ್ದೆ ಬದಿಗೆ ಬೈಕ್ ಇಳಿಸಿ ದಾರಿ ಬಿಟ್ಟೆ. ಎರಡು ಕಿಲೋಮೀಟರ್ ಮುಂದೆ ಹೋಟೆಲಿನ ಎದುರು ಅದೇ ಗಾಡಿ, ಡ್ರೈವರ್ ಚಾ ಕುಡಿಯುತ್ತಿದ್ದ. ಆಮೇಲೆ ಮನಸ್ಸು ಬರುವುದಿಲ್ಲ.

ಪೈಲಟ್ ಅಂದ್ರೆ ವಿಮಾನದವನಲ್ಲ

ಅಂಥವರು ಇದ್ದಾರೆ, ಒಪ್ಪುತ್ತೇನೆ. ಆದರೆ ಖಾಲಿ ಕಂಡ ಗಾಡಿಯೆಲ್ಲ ಖಾಲಿ ಅಲ್ಲ. ರೋಗಿಯನ್ನು ತರಲು ಹೋಗುವಾಗ ನಮ್ಮ ಗಾಡಿ ಖಾಲಿಯೇ ಇರಬೇಕಲ್ಲ? ಎಷ್ಟೋ ಸಲ ಹೋಗುವಾಗಲೇ ಹೆಚ್ಚು ಅವಸರ. ಒಳಗೆ ಯಾರೂ ಇಲ್ಲ ಅಂತ ಇಣುಕಿ ನೋಡಿ ದಾರಿ ಬಿಡದವರು ಇದ್ದಾರೆ.

ಕಡಲ ತಡಿ

ಇದು ಹೊಳೆದಿರಲಿಲ್ಲ. ಚಾ ಕುಡಿದವನನ್ನು ಮಾತ್ರ ಕ್ಷಮಿಸುವುದಿಲ್ಲ.

ಹೊಳೆಸಾಲಿನ ಹುಡುಗ

ಶಿರೂರಿನಲ್ಲಿ ಗುಡ್ಡ ಕುಸಿದಾಗ ಆಂಬ್ಯುಲೆನ್ಸ್ ಪಲ್ಟಿ ಆಯಿತಲ್ಲ, ಅದೂ ದಾರಿ ಬಿಡದೇ ಅಲ್ವಾ?

ಕುಮಟೆ ಕರಿಕೋಟು

ಎರಡು ಶಿರೂರು, ಎರಡು ಘಟನೆ ತಮ್ಮಾ. ಆಂಬ್ಯುಲೆನ್ಸ್ ಅಪಘಾತ ಆದದ್ದು 2022ರ ಜುಲೈ 20ರಂದು, ಉಡುಪಿ ಜಿಲ್ಲೆ ಬೈಂದೂರು ಹತ್ತಿರದ ಶಿರೂರು ಟೋಲಿನಲ್ಲಿ. ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿತ್ತು. ಮಳೆಗೆ ಒದ್ದೆಯಾದ ರಸ್ತೆಯಲ್ಲಿ ಜಾರಿ ನಾಲ್ಕು ಜನ ತೀರಿಕೊಂಡರು. ದಾರಿ ಬಿಡದ ಕತೆ ಅಲ್ಲ ಅದು, ಟೋಲಿನವರು ಓಡಿ ಬಂದು ಅಡ್ಡ ಇದ್ದದ್ದನ್ನು ತೆಗೆಯುತ್ತಿದ್ದರು. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಲ್ಲರೂ ಫೋನಿನಲ್ಲಿ ಹ್ಯಾಷ್‌ಟ್ಯಾಗ್ ಹಾಕಿದ್ದು ಆ ತಿಂಗಳೇ. ಗುಡ್ಡ ಕುಸಿದದ್ದು ನಮ್ಮ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, 2024ರ ಜುಲೈ 16.

ಕಾನೂನು ಕೇಳುವವರಿಗೆ: ಆಂಬ್ಯುಲೆನ್ಸ್ ವಿಷಯದಲ್ಲಿ ನಿಯಮ ಸ್ಪಷ್ಟ ಇದೆ. 2019ರ ತಿದ್ದುಪಡಿಯಲ್ಲಿ 194ಇ ಸೇರಿತು. ಆಂಬ್ಯುಲೆನ್ಸ್, ಅಗ್ನಿಶಾಮಕದ ಗಾಡಿಗೆ ದಾರಿ ಬಿಡದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ, ಇಲ್ಲವೇ ಎರಡೂ ಅಂತ ಕಾಯ್ದೆಯ ಮಾತು. ಎರಡೂ ಒಟ್ಟಿಗೆ ಬಂದರೆ ಯಾರಿಗೆ ಮೊದಲು, ಗೊತ್ತಾ?

ಶಿರಸಿ ಪೇಟೆ

ಆಂಬ್ಯುಲೆನ್ಸಿಗೆ?

ಕುಮಟೆ ಕರಿಕೋಟು

ಅಲ್ಲ. 2017ರ ಚಾಲನಾ ನಿಯಮದ ಪ್ರಕಾರ ಮೊದಲು ಅಗ್ನಿಶಾಮಕ, ಆಮೇಲೆ ಆಂಬ್ಯುಲೆನ್ಸ್, ಆಮೇಲೆ ಪೊಲೀಸ್.

ಕಾಳಿ ದಂಡೆ

194ಇ ಹಾಕಿಸಿಕೊಂಡವರನ್ನು ಈ ಜಿಲ್ಲೆಯಲ್ಲಿ ಯಾರಾದರೂ ನೋಡಿದ್ದೀರಾ? ಹೆಲ್ಮೆಟ್ಟಿಗೆ ಮಾತ್ರ ರಸೀದಿ ಸಿಗುತ್ತದೆ ನಮಗೆ.

ಚಂಡೆ ಮದ್ದಳೆ

ಸೈರನ್ ತೆಗೆದು ಆಕಾಶವಾಣಿ ಬೆಳಗಿನ ಟ್ಯೂನ್ ಹಾಕೋಣ ಅಂತ 2021ರಲ್ಲಿ ಗಡ್ಕರಿ ಸಾಹೇಬರು ಹೇಳಿದ್ದರಲ್ಲ, ಏನಾಯಿತು? ಆ ಟ್ಯೂನ್ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ಹಲ್ಲುಜ್ಜಲು ಹೋಗುತ್ತಾರೆ. ನಮ್ಮ ಕಡೆಗೆ ಬಡಗುತಿಟ್ಟು ಯಕ್ಷಗಾನದ ಚಂಡೆ ಇಡಿ. ರಾಕ್ಷಸ ಬರುವ ಪೆಟ್ಟು ಬಿದ್ದರೆ ಲಾರಿಯೂ ಬದಿಗೆ ಹೋದೀತು.

ಮೀನು ಗಾಡಿ

ಅದು ಕೇಳಿಸುತ್ತದೆ. ಗ್ಯಾರಂಟಿ.

ಅಂಕೋಲೆ ಮಾಸ್ತರು

ಆ ತಾಯಿ ಕೇಳಿದ್ದೇನು, ನಾವು ಚಂಡೆಗೆ ಬಂದೆವು. ಅಕ್ಕಾ, ಒಂದು ಮಾತು. ಬಸ್ಸು ಮಗುವನ್ನು ಗುಡ್ಡದ ಬದಿಗೆ ಇಳಿಸುವುದೇಕೆ? ಕೊನೆಯ ಊರು ಮುಟ್ಟಿ ತಿರುಗಿ ಬರುವಾಗ ಸಮುದ್ರದ ಬದಿಯ ಮಕ್ಕಳನ್ನು ಇಳಿಸಿದರೆ ರಸ್ತೆ ದಾಟುವ ಪ್ರಶ್ನೆಯೇ ಇಲ್ಲ. ಕಾರಿನವನು ನಿಲ್ಲಲಿ ಬಿಡಲಿ.

ಹೈವೇ ಪಕ್ಕದ ಮನೆ

ನಾನೂ ಇದನ್ನೇ ಕೇಳಿದ್ದೆ ಮಾಸ್ತರೇ. ಬಸ್ಸು ತಿರುಗಿ ಬರುವುದೇ ಇಲ್ಲ. ಡ್ರೈವರ್ ಮನೆ ಕೊನೆಯ ಊರಿನಲ್ಲಿ, ರಾತ್ರಿ ಬಸ್ಸು ಅಲ್ಲೇ ನಿಲ್ಲುತ್ತದೆ.

ಹಳದಿ ಬಸ್ಸು

ಹಾಗಾದರೆ ನಿಮ್ಮ ಊರು ದಾಟಿ ಮುಂದಿನ ಸಂದಿಯಲ್ಲಿ ತಿರುಗಿಸಿ, ಈಚೆ ಬದಿಗೆ ಇಳಿಸಿ, ಮತ್ತೆ ತಿರುಗಿ ಹೋಗಬೇಕು. ಎರಡು ಯು ಟರ್ನ್. ಡೀಸೆಲ್ ಲೆಕ್ಕ ಹೇಳಿ ಶಾಲೆಯವರು ಗೊಣಗುತ್ತಾರೆ. ಬಿಡಬೇಡಿ. ನಾಲ್ಕೈದು ಪಾಲಕರು ಒಟ್ಟಿಗೆ ಹೋಗಿ, ಬರೆದು ಕೊಡಿ, ಸಹಿ ಹಾಕಿಸಿಕೊಳ್ಳಿ. ಒಬ್ಬರೇ ಹೋದರೆ ನೋಡೋಣ ಅನ್ನುತ್ತಾರೆ.

ಕ್ಲೀನರ್ ಹುಡುಗನಿಗೆ ಏನಾದರೂ ಕೊಟ್ಟಿರಾ?

ಹೈವೇ ಪಕ್ಕದ ಮನೆ

ಮರುದಿನ ಹೋಳಿಗೆ ಮಾಡಿ ಕೊಟ್ಟೆ. ಕಿತ್ತ ಪಟ್ಟಿ ತಂದು ವಾಪಸ್ ಕೊಟ್ಟ. ಅವನೂ ಹೆದರಿದ್ದ.

ಹೈವೇ ಪಕ್ಕದ ಮನೆ (ಹನ್ನೆರಡು ದಿನ ಬಿಟ್ಟು)

ಹೇಳಿ ಹೋಗೋಣ ಅಂತ ಬಂದೆ. ಸಮುದ್ರದ ಬದಿಯ ಏಳು ಮನೆಯವರು ಸೇರಿ ಶಾಲೆಗೆ ಹೋದೆವು. ಮೊದಲು 'ರೂಟ್ ಬದಲಿಸಲು ಆಗುವುದಿಲ್ಲ' ಅಂದರು. ಆಮೇಲೆ ಕ್ಲೀನರ್ ಹುಡುಗನನ್ನೇ ಕರೆಸಿ ಕೇಳಿದರು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ, ಈ ವರ್ಷ ಹೀಗಾದದ್ದು ಮೂರನೇ ಸಲ ಅಂತ. ಉಳಿದ ಎರಡು ನಮಗೆ ಗೊತ್ತೇ ಇರಲಿಲ್ಲ. ಸೋಮವಾರದಿಂದ ಬಸ್ಸು ಮುಂದೆ ಹೋಗಿ ತಿರುಗಿ ಬಂದು ನಮ್ಮ ಬದಿಗೇ ಇಳಿಸುತ್ತಿದೆ. ಹನ್ನೆರಡು ನಿಮಿಷ ಜಾಸ್ತಿ. ಮಾಸ್ತರಿಗೂ ಬಸ್ಸಿನ ಅಣ್ಣನಿಗೂ ತುಂಬಾ ಉಪಕಾರ.

ಬಿಳಿ ಕಾರು ಮತ್ತೆ ಕಾಣಲಿಲ್ಲ. ಕಂಡರೂ ಗುರುತು ಸಿಗಲಿಕ್ಕಿಲ್ಲ.

ಅಂಕೋಲೆ ಮಾಸ್ತರು

ಒಳ್ಳೆ ಸುದ್ದಿ. ಆ ಇನ್ನೆರಡು ಸಲದ ವಿಷಯ ಮಾತ್ರ ಲಿಖಿತದಲ್ಲಿ ಪಡೆದು ಇಟ್ಟುಕೊಳ್ಳಿ.

ಕೊನೇ ಸ್ಟಾಪ್

ಓಹೋ, ಇದು ನಿಮ್ಮ ಕೆಲಸವೋ? ಸೋಮವಾರದಿಂದ ನನ್ನ ಮಗ ಮನೆಗೆ ಬರುವಾಗ ಐದು ಗಂಟೆ ದಾಟುತ್ತಿದೆ. ಟ್ಯೂಷನ್ ತಪ್ಪುತ್ತದೆ. ಎಲ್ಲರಿಗೂ ಒಪ್ಪಿಗೆ ಕೇಳಿ ಮಾಡಬೇಕಿತ್ತು ಅಲ್ವಾ? ಮಕ್ಕಳು ಅಷ್ಟು ಹೊತ್ತು ಬಸ್ಸಿನಲ್ಲಿ ಸುಮ್ನೆ ಕೂರಬೇಕಾ?

ಕಾಳಿ ದಂಡೆ

ಮೇಲೆ ಹೋಗಿ ನಿಮ್ಮದೇ ಮಾತು ಒಮ್ಮೆ ಓದಿ ಅಣ್ಣಾ.

ಕೊನೇ ಸ್ಟಾಪ್

ಅದು ಕಾರಿನವರಿಗೆ ಹೇಳಿದ್ದು.

ಹೈವೇ ಪಕ್ಕದ ಮನೆ

ಬೆಳಿಗ್ಗೆ ಬಸ್ಸು ನಿಮ್ಮ ಊರಿನಿಂದಲೇ ಹೊರಟು ನಮ್ಮಲ್ಲಿಗೆ ಬರುವುದು. ದಿನಾ ತಡ. ಯಾಕೆ ಅಂತ ಕೇಳಿದರೆ ಕ್ಲೀನರ್ ಹುಡುಗ ಒಂದೇ ಗೇಟಿನ ಹೆಸರು ಹೇಳುತ್ತಾನೆ, ಅಲ್ಲಿ ಐದು ನಿಮಿಷ ಹಾರ್ನ್ ಹೊಡೆಯಬೇಕಂತೆ. ಆ ಐದು ಕಳೆದರೆ ಉಳಿಯುವುದು ಏಳೇ ನಿಮಿಷ.